ಬೈಗುಳಕ್ಕೂ ತಾರೀಕು ಇರುತ್ತದೆ

‘ನಿಮ್ಮ ಹೊಂದಾಣಿಕೆಯ ಸಾಮರ್ಥ್ಯ ಎಷ್ಟು?’

ಕೈಯಲ್ಲಿದ್ದ ಕಾಗದ ನೋಡಿಕೊಂಡು ನಾನು ಕೇಳಿದ ಪ್ರಶ್ನೆಗೆ ಗಿರಿಜವ್ವ ಒಂದು ಕ್ಷಣವೂ ಯೋಚಿಸಲಿಲ್ಲ.

‘ಅತ್ತಿ ಜೋಡಿ ಇಪ್ಪತ್ತೆರಡು ವರ್ಷ ಆತ್ರಿ ಅಕ್ಕೋರ. ಇನ್ನೂ ಎಷ್ಟಂತ ಹೊಂದ್ಕೋಬೇಕು, ನೀವ ಹೇಳ್ರಿ!’

ಪಕ್ಕದಲ್ಲಿದ್ದ ಮೇಘನಾ ತುಟಿ ಕಚ್ಚಿಕೊಂಡು ಆಕಾಶ ನೋಡಿದಳು. ನಾನು ಕಾಗದ ನೋಡಿದೆ. ಆ ಪ್ರಶ್ನೆಯನ್ನು ಕನ್ನಡಕ್ಕೆ ತಂದ ಪುಣ್ಯಾತ್ಮರು ಯಾರು ಅಂತೀರಾ? ನಾನೇ.

ನಡೆದದ್ದು ಹೀಗೆ. ನಮ್ಮ ರಾಜ್ಯ ಸರ್ಕಾರ ಹವಾಮಾನ ಬದಲಾವಣೆಯನ್ನು ಎದುರಿಸಲು ಒಂದು ದೊಡ್ಡ ಯೋಜನೆ ತಯಾರಿಸುತ್ತಿದೆ. ಅದಕ್ಕಾಗಿ ತಾಲ್ಲೂಕು ತಾಲ್ಲೂಕು ತಿರುಗಿ ಅಧ್ಯಯನ ಮಾಡುವ ತಂಡವೊಂದು ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೂ ಬಂತು. ತಂಡದ ಹುಡುಗಿಯ ಹೆಸರು ಮೇಘನಾ. (ಹವಾಮಾನದವಳಿಗೆ ಆ ಹೆಸರು ನಾನು ಇಟ್ಟದ್ದಲ್ಲ, ಆಣೆ ಮಾಡುತ್ತೇನೆ.) ಇಂಗ್ಲಿಷ್ ಪ್ರಶ್ನೆಪಟ್ಟಿಯನ್ನು ಕನ್ನಡ ಮಾಡಿಕೊಟ್ಟು, ಜೊತೆಗೆ ಊರೂರು ತಿರುಗಲು ಅವಳಿಗೆ ಸ್ಥಳೀಯರೊಬ್ಬರು ಬೇಕಾಗಿತ್ತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿ ಇಸಳೂರಿನ ಮನೆಯಲ್ಲಿ ಕುಂಡಕ್ಕೆ ನೀರು ಹಾಕುತ್ತಿದ್ದ ನನ್ನನ್ನು ಯಾರೋ ತೋರಿಸಿದರು. ಅವಳು ಕೇಳಿ ಮುಗಿಸುವ ಮೊದಲೇ ನಾನು ಒಪ್ಪಿದ್ದೆ.

ಎರಡು ದಿನ ಕೂತು ಅನುವಾದ ಮಾಡಿದೆ. ಎಂಥ ಕನ್ನಡ! ಓದಿ ಓದಿ ನಾನೇ ಖುಷಿಪಟ್ಟೆ. ನನ್ನ ಹಳೆಯ ಹೆಡ್‌ಮಾಸ್ತರರು ನೋಡಿದ್ದರೆ ಫ್ರೇಮ್ ಹಾಕಿಸುತ್ತಿದ್ದರು.

ಮೊದಲ ದಿನ ಕಾನಸೂರು. ಅಲ್ಲಿ ನನ್ನ ದೊಡ್ಡಪ್ಪನ ಮಗ ಸುಬ್ರಾಯಣ್ಣನ ಕಿರಾಣಿ ಅಂಗಡಿಯಿದೆ. ನಮ್ಮವನೇ ಎಂಬ ಧೈರ್ಯದಿಂದ ಅಲ್ಲಿಂದಲೇ ಶುರು ಮಾಡಿದೆ. ‘ನಿಮ್ಮ ಕುಟುಂಬದ ದುರ್ಬಲತೆಯ ಮಟ್ಟ ಹೇಗಿದೆ?’

ಸುಬ್ರಾಯಣ್ಣ ಬೆಲ್ಲ ತೂಗುತ್ತಿದ್ದವನು ನಿಲ್ಲಿಸಿದ. ಅತ್ತಿತ್ತ ನೋಡಿ ದನಿ ತಗ್ಗಿಸಿದ. ‘ಇಂಥದ್ದೆಲ್ಲ ಗಿರಾಕಿ ಎದ್ರಿಗೆ ಕೇಳದನೇ ತಂಗಿ? ಆನು ಗಟ್ಟಿ ಇದ್ದೆ. ನಂಗೆ ಅಂಥದ್ದೆಂತೂ ಇಲ್ಲೆ.’

ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಅಂಟಿಸಿರುವ ‘ದೌರ್ಬಲ್ಯ ನಿವಾರಣೆ’ಯ ಪೋಸ್ಟರುಗಳು ನೆನಪಾಗಿ ನನ್ನ ಕಿವಿ ಬಿಸಿಯಾಯಿತು. ನಾನು ಕೇಳಹೊರಟದ್ದು ಬರ, ನೆರೆ ಬಂದರೆ ತಾಳಿಕೊಳ್ಳುವ ಬಗ್ಗೆ!

ಮರುದಿನ ಯಲ್ಲಾಪುರ. ‘ಹಸಿರುಮನೆ ಅನಿಲದ ಬಗ್ಗೆ ನಿಮಗೆ ಗೊತ್ತೇ?’ ಎಂದು ಒಬ್ಬ ಗೃಹಿಣಿಯನ್ನು ಕೇಳಿದೆ. ‘ನಮ್ಮದು ನೀಲಿ ಮನೆ. ಗ್ಯಾಸ್ ಬುಕ್ ಮಾಡಿ ಎರಡು ವಾರ ಆಯ್ತು, ಇನ್ನೂ ಬರಲಿಲ್ಲ. ನೀವು ಅದಕ್ಕೇ ಬಂದವರಾ?’ ಎಂದು ಆಕೆ ಖುಷಿಯಿಂದ ಗೇಟು ತೆಗೆದರು. ಒಳಗೆ ಕರೆದು ಚಹಾ ಕೊಟ್ಟರು. ಕುಡಿದು ಬಂದೆವು. ಮತ್ತೇನು ಮಾಡುವುದು?

ಮೂರನೆಯ ದಿನ ಶಿರಸಿ ತಾಲ್ಲೂಕಿನ ಪೂರ್ವದ ಅಂಚಿಗೆ, ದಾಸನಕೊಪ್ಪದ ಆಚೆಯ ಒಂದು ಹಳ್ಳಿ. ಗಿರಿಜವ್ವ ಸಿಕ್ಕಿದ್ದು ಅಲ್ಲಿ. ಅವರು ಆ ಊರಿನ ವಾಟರ್‌ಮನ್. (ಹೌದು, ಹುದ್ದೆಯ ಹೆಸರು ಅದೇ. ‘ವಾಟರ್‌ವುಮನ್ ಅನ್ನಲೇ?’ ಎಂದಿದ್ದಕ್ಕೆ, ‘ಏನಾರ ಅನ್ರಿ, ವಾಲ್ ತಿರಗೂದು ಕೈಯಿಂದ’ ಎಂದರು.) ಗಂಡ ಮಾಡುತ್ತಿದ್ದ ಕೆಲಸ. ಅವರ ಬೆನ್ನಿಗೆ ಏಟಾದ ಮೇಲೆ ಹೆಂಡತಿ ವಹಿಸಿಕೊಂಡದ್ದು, ಈಗ ಊರಿಗೆಲ್ಲ ಇವರೇ ಗತಿ. ಬೆಳಿಗ್ಗೆ ಬೋರಿನ ಮೋಟರ್ ಹಾಕಿ, ಉದ್ದನೆಯ ಕಬ್ಬಿಣದ ಕೀಲಿಯಿಂದ ಪೈಪಿನ ವಾಲ್ವ್ ತಿರುಗಿಸಿ ಓಣಿ ಓಣಿಗೆ ನೀರು ಬಿಡುತ್ತಾರೆ.

ಹವಾಮಾನಕ್ಕೆ ಹೊಂದಿಕೊಳ್ಳುವ ಪ್ರಶ್ನೆಗೆ ಅತ್ತೆಗೆ ಹೊಂದಿಕೊಳ್ಳುವ ಉತ್ತರ ಸಿಕ್ಕ ಮೇಲೆ ನಾನು ಸೋತು ಕಾಗದ ಮಡಚಿ ಬ್ಯಾಗಿಗೆ ಹಾಕಿದೆ. ಮೇಘನಾ ಮಾತ್ರ ನೆಲದ ಮೇಲೆಯೇ ಕೂತು, ‘ಅಕ್ಕಾ, ಮೊದಲಿಗೂ ಈಗಿಗೂ ನೀರಲ್ಲಿ ಏನು ವ್ಯತ್ಯಾಸ ಆಗಿದೆ?’ ಎಂದು ಕೇಳಿದಳು.

ಅಷ್ಟೇ ಸಾಕಾಯಿತು!

‘ಮೊದ್ಲ ಬಸವ ಜಯಂತಿ ಮಟಾ ಬೋರು ಏನೂ ತಕರಾರ ಮಾಡ್ತಿದ್ದಿಲ್ರಿ. ಈಗ ಶಿವರಾತ್ರಿಗೇ ಪೈಪಿನ್ಯಾಗ ಗಾಳಿ ಬರ್ತೈತಿ. ಬುಸ್ ಅಂತೈತಿ, ನಾಗಪ್ಪ ಇದ್ದಂಗ. ಮಳಿ ಬರೂದು ಬ್ಯಾರೆ, ನೀರು ನಿಲ್ಲೂದು ಬ್ಯಾರೆ. ಕೆರಿ ತುಂಬ ಹೂಳು. ಬಂದ ಮಳಿ ಹಂಗ ಹರದು ಹೊಕ್ಕೈತಿ.’

ಮೇಘನಾಳ ಮುಖ ಸಪ್ಪಗಾಯಿತು. ಲ್ಯಾಪ್‌ಟಾಪ್ ತೆಗೆದು ಕರಡು ನಕ್ಷೆ ತೋರಿಸಿದಳು. ನಮ್ಮ ಮೂರೂ ತಾಲ್ಲೂಕು ಒಂದೇ ಕಡು ಹಸಿರು. ‘ನೀರಿನ ಕೊರತೆ: ಕಡಿಮೆ.’ ಇಡೀ ತಾಲ್ಲೂಕಿನ ಸರಾಸರಿ ಮಳೆ ಹಿಡಿದರೆ ಹಾಗೆಯೇ ಬರುತ್ತದಂತೆ. ಪಶ್ಚಿಮದ ಘಟ್ಟದ ಮೇಲೆ ಸುರಿದ ಮಳೆಯನ್ನು ಲೆಕ್ಕದಲ್ಲಿ ಪೂರ್ವದ ಈ ಬಯಲಿಗೂ ಹಂಚಿಬಿಟ್ಟಿತ್ತು ಕಂಪ್ಯೂಟರ್. ಯೋಜನೆಯಲ್ಲಿ ಯಾವ ಊರಿನ ಕೆರೆ ಕೆಲಸ ಮೊದಲು ಎಂದು ತೀರ್ಮಾನವಾಗುವುದು ಈ ಬಣ್ಣ ನೋಡಿ. ಹಸಿರು ಎಂದರೆ ಸಾಲಿನ ಕೊನೆ.

‘ಅಂದ್ರ, ನಮ್ಮೂರಾಗ ನೀರು ಭಾಳ ಐತಿ ಅಂತ ಬರ್ದಾರ?’ ಗಿರಿಜವ್ವನ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

ಆಗಲೇ ಅವರ ಮೊಬೈಲ್ ಟಿಣ್ ಎಂದಿತು. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್. ಒತ್ತಿದರು. ‘ಏ ಗಿರಿಜವ್ವಾ, ಮ್ಯಾಲಿನ ಓಣಿಗೆ ನೀರು ಯಾವಾಗ ಬಿಡ್ತೀ? ನಿದ್ದಿ ಹೊಡ್ಯಾಕತ್ತೀ ಏನ?’

‘ಬೋರು ಕೈಕೊಟ್ಟ ಮ್ಯಾಲೆ ದಿನಾ ಹಿಂಗ ರೀ,’ ಎಂದು ಗಿರಿಜವ್ವ ನಕ್ಕರು. ‘ನಾಕೈದು ವರ್ಷದ್ದು ಎಲ್ಲಾ ಹಂಗ ಅದಾವು. ತಗ್ಯಾಕ ನಂಗ ಬರೂದಿಲ್ಲ.’

ಮೇಘನಾ ಥಟ್ಟನೆ ಎದ್ದು ನಿಂತಳು. ‘ಅಕ್ಕಾ, ಎಲ್ಲಾ ಇದೆಯಾ? ತಾರೀಕಿನ ಸಮೇತ?’

ನನಗೆ ಅರ್ಥವಾಗಲು ಇನ್ನೂ ಅರ್ಧ ನಿಮಿಷ ಬೇಕಾಯಿತು. ಊರಿನವರು ಯಾವಾಗ ಬೈಯುತ್ತಾರೆ? ನೀರು ಬಾರದಾಗ. ಬೈಗುಳ ಯಾವ ದಿನ ಬಂತೆಂದು ಬರೆದಿಟ್ಟವರು ಯಾರು? ಫೋನು. ಹಾಗಾದರೆ ವರ್ಷದ ಮೊದಲ ಬೈಗುಳ ಬಂದ ದಿನವೇ ಬೋರು ಕೈಕೊಡಲು ಶುರುವಾದ ದಿನ ಅಲ್ಲವೇ?

ಮೂವರೂ ಕಟ್ಟೆಯ ಮೇಲೆ ಕೂತು ಹಿಂದಕ್ಕೆ ಹಿಂದಕ್ಕೆ ಕೇಳುತ್ತಾ ಹೋದೆವು. ಮೊದಲ ವರ್ಷದ ಮೊದಲ ಬೈಗುಳ ಬಸವ ಜಯಂತಿ ಕಳೆದ ಮೇಲೆ. ಮರುವರ್ಷ ಯುಗಾದಿಗೆ. ನಡುವೆ ಒಂದು ವರ್ಷ ಮತ್ತೆ ತಡವಾಗಿತ್ತು. ಆ ವರ್ಷ ಹಿಂಗಾರು ಚೆನ್ನಾಗಿ ಹಿಡಿದಿತ್ತೆಂದು ಗಿರಿಜವ್ವ ನೆನಪಿಸಿಕೊಂಡರು. ಆಮೇಲೆ ಹೋಳಿ. ಈ ಸಲ ಶಿವರಾತ್ರಿ. ಅವರು ಮೊದಲು ಬಾಯಲ್ಲಿ ಹೇಳಿದ್ದಕ್ಕೂ ಫೋನಿನಲ್ಲಿದ್ದದ್ದಕ್ಕೂ ಒಂದು ವಾರದ ವ್ಯತ್ಯಾಸವೂ ಇರಲಿಲ್ಲ.

ಶಿರಸಿಯಲ್ಲಿ ಗುರುವಾರ ಕಾರ್ಯಾಗಾರ. ಕರಡಿನ ಬಗ್ಗೆ ಅಭಿಪ್ರಾಯ ಹೇಳಲು ಅದೇ ಕೊನೆಯ ಅವಕಾಶ. ‘ನೀವೇ ಬಂದು ಹೇಳಬೇಕು’ ಎಂದಳು ಮೇಘನಾ.

‘ನಾ ಬಂದ್ರ ನೀರು ಯಾರು ಬಿಡ್ತಾರ್ರಿ?’ ಎಂದರು ಗಿರಿಜವ್ವ. ಅಲ್ಲಿಗೆ ಕತೆ ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಗುರುವಾರ ಎಲ್ಲ ಓಣಿಗೂ ನೀರು ಬಿಟ್ಟು, ಸೀರೆ ಬದಲಿಸಿ, ಬಸ್ಸು ಹತ್ತಿ ಬಂದೇಬಿಟ್ಟರು. ಸಭಾಂಗಣದ ಕೊನೆಯ ಕುರ್ಚಿಯ ತುದಿಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ‘ಎಲ್ಲಾರ ಮುಂದ ನಾ ಎಂದೂ ಮಾತಾಡಿಲ್ರಿ ಅಕ್ಕೋರ.’ ನನಗೂ ಅದೇ ಭಯ. ನಕ್ಕುಬಿಟ್ಟರೆ?

ಅವರ ಸರದಿ ಬಂತು. ಬೋರಿನ ವಿಷಯ ಹೇಳಿದರು. ವೇದಿಕೆಯ ಮೇಲಿದ್ದ ಹಿರಿಯ ಅಧಿಕಾರಿ ತಾಳ್ಮೆಯಿಂದಲೇ ಕೇಳಿ, ‘ಸರಿಯಮ್ಮಾ, ಇದು ಅನುಭವದ ಮಾತಾಯ್ತು. ನಮಗೆ ಡೇಟಾ ಬೇಕಲ್ಲ?’ ಎಂದರು.

‘ಡೇಟಾ ಐತ್ರಿ ಸರ. ನಿನ್ನೇನ ರೀಚಾರ್ಜ್ ಮಾಡಿಸೀನಿ.’

ಸಭೆ ಗೊಳ್ಳೆಂದಿತು. ಗಿರಿಜವ್ವ ಹೆದರಲಿಲ್ಲ, ಫೋನನ್ನು ಮೈಕಿಗೆ ಹಿಡಿದರು. ಮಂದಿಯ ಹೆಸರು ಬಯಲಾಗಬಾರದೆಂದು ಮೊದಲೇ ಹಟ ಹಿಡಿದಿದ್ದರಿಂದ ಅವರು ಕೇಳಿಸಿದ್ದು ಒಂದೇ ಮೆಸೇಜು, ತಮ್ಮ ಅತ್ತೆಯದು. ‘ಏ ಗಿರಿಜಾ! ಊರಿಗೆಲ್ಲಾ ನೀರು ಬಿಡ್ತೀ, ಸ್ವಂತ ಮನಿ ನಳದಾಗ ಬರೇ ಗಾಳಿ! ನಾ ಏನು ಗಾಳಿಲೇ ಜಳಕ ಮಾಡ್ಲೇನ?’

ಈಗ ಅಧಿಕಾರಿಯೂ ನಕ್ಕರು. ನಗು ಇಳಿದ ಮೇಲೆ ಗಿರಿಜವ್ವ ಮೆಲ್ಲಗೆ ಹೇಳಿದರು: ‘ಇದು ಈ ಸಲದ ಶಿವರಾತ್ರಿ ಮರುದಿನದ್ದು ರೀ. ನಾಕ ವರ್ಷದ ಹಿಂದ ಇದ ಮಾತು ಬಸವ ಜಯಂತಿ ಆದ ಮ್ಯಾಲೆ ಬಂದಿತ್ತು.’

ಆ ಮಾತು ಮುಗಿಯುತ್ತಿದ್ದಂತೆ ಮೇಘನಾ ಬೈಗುಳಗಳ ತನ್ನ ಪಟ್ಟಿಯನ್ನು ಪರದೆಯ ಮೇಲೆ ಹಾಕಿದಳು. ಹೆಸರಿಲ್ಲ, ತಾರೀಕು ಮಾತ್ರ. ಅಧಿಕಾರಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

ಒಂದು ಫೋನು ನಂಬಿ ನಕ್ಷೆ ಬದಲಿಸಲು ಆಗುವುದಿಲ್ಲ ಎಂದರು. ಸರಿಯೇ. ಆದರೆ ಸುತ್ತಲಿನ ಊರುಗಳ ವಾಟರ್‌ಮನ್‌ಗಳನ್ನೆಲ್ಲ ಮಾತಾಡಿಸಿ, ಬಾವಿ ಬೋರುಗಳ ನೀರಿನ ಮಟ್ಟ ತಾಳೆ ನೋಡಿ ಎಂದು ತಂಡಕ್ಕೆ ಸಮಯ ಕೊಟ್ಟರು. ಮೇಘನಾ ಮತ್ತೆ ತಿರುಗಿದಳು. ಎಲ್ಲ ಊರಿನಲ್ಲೂ ಬೈಗುಳ ಭರ್ತಿಯಾಗಿ ಸಿಕ್ಕಿತು!

ಕಳೆದ ವಾರ ಹೊಸ ನಕ್ಷೆ ಕಳಿಸಿದ್ದಾಳೆ. ಶಿರಸಿ ತಾಲ್ಲೂಕು ಈಗ ಒಂದೇ ಬಣ್ಣದ್ದಲ್ಲ. ಪೂರ್ವದ ಅಂಚು ಕಿತ್ತಳೆ. ಆ ಕಡೆಯ ಕೆರೆಗಳ ಹೂಳೆತ್ತುವ ಕೆಲಸ ಮೊದಲ ಪಟ್ಟಿಗೆ ಬಂದಿದೆ. ಪಟ್ಟಿಯಿಂದ ಕೆರೆಗೆ ಇನ್ನೂ ದಾರಿಯಿದೆ, ಗೊತ್ತು. ಆದರೂ ಅವತ್ತು ಗಿರಿಜವ್ವನಿಗೆ ಫೋನ್ ಮಾಡಿ ಹೇಳುವಾಗ ನನ್ನ ದನಿ ನನಗೇ ಎಳೆ ಹುಡುಗಿಯ ದನಿಯಂತೆ ಕೇಳಿಸಿತು. ಅವರು ಗಟ್ಟಿಯಾಗಿ ನಕ್ಕು, ‘ನಮ್ಮತ್ತಿಗೆ ಹೇಳ್ತೀನ್ರಿ, ನಿನ್ನ ಬೈಗುಳ ಸರ್ಕಾರ ಕೇಳ್ತಂತ’ ಎಂದರು.

ಪ್ರಶ್ನೆಪಟ್ಟಿಯನ್ನೂ ಹೊಸದಾಗಿ ಬರೆದೆವು. ‘ದುರ್ಬಲತೆ’ ಹೋಯಿತು. ಗಿರಿಜವ್ವ ಹೇಳಿಕೊಟ್ಟಂತೆ ‘ಮೊದಲ ಹೊಡೆತ ಯಾರಿಗೆ ಬೀಳುತ್ತದೆ?’ ಎಂದಾಯಿತು. ಮೂವತ್ತು ವರ್ಷ ಕನ್ನಡ ಕಲಿಸಿದ ನನಗೆ ಹೊಳೆಯದ ಕನ್ನಡ. ನಾಚಿಕೆಯಾಗಲಿಲ್ಲವೇ? ಸ್ವಲ್ಪ ಆಯಿತು. ಖುಷಿ ಅದಕ್ಕಿಂತ ಹೆಚ್ಚಾಯಿತು.

ಆದರೆ ನಿಜವಾದ ನಾಚಿಕೆ ಆ ಫೋನಿನ ಮರುದಿನ ಬೆಳಿಗ್ಗೆ ಕಾದಿತ್ತು. ಮನೆಯ ನಳ ತಿರುಗಿಸಿದೆ. ನೀರು ಬಂತು. ಇಷ್ಟು ವರ್ಷ ಬರುತ್ತಲೇ ಇದೆ. ಅದನ್ನು ಬಿಡುವವರು ಯಾರು? ಮುಖ ನೋಡಿದ್ದೇನೆ, ಒಂದೆರಡು ಸಲ ಗೊಣಗಿಯೂ ಇದ್ದೇನೆ, ಹೆಸರು ಕೇಳಿಲ್ಲ. ಗೇಟಿನ ಬಳಿ ಕಾದು ನಿಂತು, ಅವರು ಬೈಕಿನಲ್ಲಿ ಬಂದಾಗ ತಡೆದು ಹೆಸರು ಕೇಳಿದೆ. ‘ಯಾಕೆ ಅಕ್ಕೋರೆ, ನೀರು ಬರಲಿಲ್ವಾ?’ ಎಂದು ಅವರು ಗಾಬರಿಯಾದರು!

ನಿಮ್ಮ ಬೀದಿಗೆ ನೀರು ಬಿಡುವವರ ಹೆಸರು ನಿಮಗೆ ಗೊತ್ತಿದೆಯೇ?