ಯಾರ ಶಿಫ್ಟಿನ ರಕ್ತ

ಹೊಸೂರಿನ ಪಕ್ಕದ ಜೂಜುವಾಡಿಯಲ್ಲಿ ಬಾಡಿಗೆಗಿದ್ದಾಗ ನಾನೂ ನನ್ನ ಹೆಂಡತಿಯೂ ಮಗಳನ್ನು ಬಸ್‌ಸ್ಟಾಪಿನಲ್ಲಿ ಬದಲಾಯಿಸಿಕೊಳ್ಳುತ್ತಿದ್ದೆವು. ಇಬ್ಬರದೂ ಹೊಸೂರಿನ ಫ್ಯಾಕ್ಟರಿಗಳಲ್ಲಿ ಕಾಂಟ್ರ್ಯಾಕ್ಟ್ ಕೆಲಸ. ನಾನು ಗಾಡಿಗಳ ಬಿಡಿಭಾಗ ಮಾಡುವ ಕಡೆ, ಅವಳು ಫೋನಿನ ಸಣ್ಣ ಸಣ್ಣ ಭಾಗ ಜೋಡಿಸುವ ಕಡೆ. ನಮ್ಮೂರು ಮುಳಬಾಗಿಲಿನ ಹತ್ತಿರ. ಇಲ್ಲಿ ಮಗು ನೋಡಿಕೊಳ್ಳಲು ನಮ್ಮವರು ಅಂತ ಯಾರೂ ಇರಲಿಲ್ಲ. ಅದಕ್ಕೇ ಇಬ್ಬರೂ ಸೂಪರ್‌ವೈಸರುಗಳನ್ನು ಕಾಡಿ ಬೇಡಿ ಎದುರುಬದುರು ಶಿಫ್ಟ್ ಹಾಕಿಸಿಕೊಂಡಿದ್ದೆವು. ಒಂದು ವಾರ ನನಗೆ ಹಗಲು, ಅವಳಿಗೆ ರಾತ್ರಿ. ಮರುವಾರ ಉಲ್ಟಾ.

ಬೆಳಗ್ಗೆ ಒಬ್ಬರನ್ನು ಇಳಿಸಲು ಒಂದು ಕಂಪನಿಯ ಬಸ್ಸು, ಇನ್ನೊಬ್ಬರನ್ನು ಹತ್ತಿಸಿಕೊಳ್ಳಲು ಇನ್ನೊಂದು. ನಡುವೆ ಸಿಗುವ ಚೂರು ಪುರುಸೊತ್ತಿನಲ್ಲಿ ಮಗು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಹೋಗುತ್ತಿತ್ತು. "ಹಾಲು ಕುಡಿದವ್ಳೆ. ಮೂಗು ಸೋರ್ತೈತೆ. ಮಧ್ಯಾಹ್ನಕ್ಕೆ ಅನ್ನ ಐತೆ." ಇಷ್ಟೇ ಮಾತು. ಸಂಜೆ ಮತ್ತೆ ಅದೇ ಜಾಗ, ಅದೇ ಲಾರಿಗಳ ಹೊಗೆ. ನನಗೆ ರಜೆ ಭಾನುವಾರ, ಅವಳಿಗೆ ಬುಧವಾರ. ಆ ರಜೆಯೂ ಎಷ್ಟೋ ಸಲ ಓವರ್‌ಟೈಮಿಗೆ ಹೋಗುತ್ತಿತ್ತು. ನಮ್ಮ ಮನೆಯ ಓನರ್ ಅಜ್ಜಿ ಉದ್ದನಪಲ್ಲಿ ಕಡೆಯವರು, ಬಾಯಿ ಜೋರು. ಒಂದು ದಿನ ಕೇಳಿಯೇಬಿಟ್ಟರು, "ನಿಮ್ಮಿಬ್ರುನ್ನೂ ಜೋಡೀಲಿ ನೋಡಿದ್ದು ಮನೆ ನೋಡಕ್ಕೆ ಬಂದ್ ದಿನಾನೇ ಕಣಪ್ಪ. ಜಗಳ ಗಿಗಳ ಆಡ್ಕಂಡಿದ್ದೀರಾ?" ಜಗಳ ಆಡುವುದಕ್ಕಾದರೂ ಇಬ್ಬರೂ ಎದುರಿಗಿರಬೇಕಲ್ಲಜ್ಜಿ ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮಗುವಿಗೆ ಆಗ ಒಂದೂವರೆ ವರ್ಷ. ನನ್ನ ಹಗಲು ಶಿಫ್ಟಿನ ವಾರ, ಅಂದರೆ ರಾತ್ರಿ ಮಗು ನನ್ನ ಪಕ್ಕ. ಬೆಳಗ್ಗೆ ಎದ್ದು ಲೈಟು ಹಾಕಿದರೆ ದಿಂಬಿನ ಮೇಲೆ ಅಂಗೈಯಗಲ ಕಂದು ಕಲೆ. ಮಗುವಿನ ಬಾಯಿಯ ಅಂಚಿನಿಂದ ಕಿವಿಯವರೆಗೆ ರಕ್ತ ಒಣಗಿ ಗೆರೆಯಾಗಿತ್ತು. ಮುಟ್ಟಿದ ಕೂಡಲೇ ಕಣ್ಣು ಬಿಟ್ಟು ನಕ್ಕಿತು. ಇದ್ದ ನಾಲ್ಕಾರು ಹಲ್ಲುಗಳ ಸಂದಿಯಲ್ಲೆಲ್ಲ ಕೆಂಪು. ಮೊಬೈಲಿನ ಬೆಳಕು ಬಿಟ್ಟು ಒಸಡು, ನಾಲಗೆ, ತುಟಿಯ ಒಳಗೆ ಎಲ್ಲ ನೋಡಿದೆ. ಗಾಯ ಕಾಣಲಿಲ್ಲ. ಮಗುವಿಗೆ ಇದೊಂದು ಆಟ ಅನ್ನಿಸಿ ನನ್ನ ಬೆರಳು ಕಚ್ಚಿತು.

ಈಗ ಒಂದು ವಿಷಯ ಹೇಳಬೇಕು. ಫ್ಯಾಕ್ಟರಿಯಲ್ಲಿ ಶಿಫ್ಟ್ ಬದಲಾಗುವಾಗ ಮೆಷಿನ್ನಿನ ಸ್ಥಿತಿಗತಿ ಮುಂದಿನವನಿಗೆ ಹೇಳಿ ಹೋಗಬೇಕು. ಆದರೆ ಏನಾದರೂ ಕೆಟ್ಟಿದ್ದರೆ ಯಾರೂ ಹೇಳುವುದಿಲ್ಲ. ಹೇಳಿದರೆ, ನಿನ್ನ ಶಿಫ್ಟಲ್ಲಿ ಆಗಿದ್ದು, ನೀನೇ ಮಾಡಿದ್ದು ಅನ್ನುತ್ತಾರೆ. ಎಣ್ಣೆ ಸೋರಿದ್ದರೆ ಒರೆಸಿ, ಎಲ್ಲ ಓಕೆ ಅಂತ ಕೈ ಎತ್ತಿ ಹೊರಟುಬಿಡುವುದು ವಾಡಿಕೆ. ಇದನ್ನು ನಮಗೆ ಯಾರೂ ಕಲಿಸಿಕೊಟ್ಟಿದ್ದಲ್ಲ, ಮೈಗೆ ಅಂಟಿಕೊಂಡಿತ್ತು.

ನಾನು ದಿಂಬಿನ ಬಟ್ಟೆ ಬಿಚ್ಚಿ ತಣ್ಣೀರಿನಲ್ಲಿ ಉಜ್ಜಿ ತೊಳೆದೆ. ಮಗುವಿನ ಮುಖ ಒರೆಸಿದೆ. ಬಸ್‌ಸ್ಟಾಪಿನಲ್ಲಿ ಹೆಂಡತಿ ಬಸ್ಸಿನಿಂದ ಇಳಿದಳು, ಕಣ್ಣು ಕೆಂಪಗೆ, ಕಾಲೆಳೆಯುತ್ತಾ. "ಏನಾದ್ರೂ ಐತಾ?" ಅಂದಳು. "ಏನಿಲ್ಲ, ಚೆನ್ನಾಗವ್ಳೆ" ಅಂದೆ.

ಒಂದು ದಿನ ಬಿಟ್ಟು ಮತ್ತೆ ಬಂತು. ಆಮೇಲೆ ಇನ್ನೊಮ್ಮೆ. ಲೈನಿನಲ್ಲಿ ನಿಂತು ಬಿಡಿಭಾಗ ಉಜ್ಜುವಾಗಲೂ ನನ್ನ ಕಣ್ಣೆದುರು ಆ ದಿಂಬೇ. ಫೋನಿನಲ್ಲಿ ಹುಡುಕಿದರೆ ಹಲ್ಲು ಬರುವುದರಿಂದ ಹಿಡಿದು ರಕ್ತದ ದೊಡ್ಡ ಕಾಯಿಲೆಯವರೆಗೆ ಎಲ್ಲವನ್ನೂ ತೋರಿಸಿ ನನ್ನ ಜೀವ ತೆಗೆಯಿತು. ಅದಕ್ಕಿಂತ ದೊಡ್ಡದೊಂದು ಭಯ ಒಳಗೇ ಕೊರೆಯುತ್ತಿತ್ತು. ದಿನವಿಡೀ ನಿಂತು ದುಡಿದವನು ರಾತ್ರಿ ಮಲಗಿದರೆ ಹೆಣದ ಹಾಗೆ ಮಲಗುತ್ತೇನೆ. ನಿದ್ದೆಯಲ್ಲಿ ನನ್ನದೇ ಮೊಣಕೈ ಬಡಿಯುತ್ತಿದೆಯೋ ಏನೋ? ಯಾರನ್ನು ಕೇಳುವುದು? ಆ ಮನೆಯಲ್ಲಿ ನನ್ನನ್ನು ಬಿಟ್ಟು ನೋಡಿದವರು ಯಾರಿದ್ದಾರೆ? ಮಗುವಿನ ಮತ್ತು ನನ್ನ ನಡುವೆ ಒಂದು ದಿಂಬು ಇಟ್ಟು ಮಲಗಿದೆ. ಆಗಲೂ ಬಂತು.

ಭಾನುವಾರ ಬೆಳಗ್ಗೆ ಹೆಂಡತಿ ಕೆಲಸ ಮುಗಿಸಿ ಬಂದು ಮಲಗಿದಳು. ನೀನು ಮಲಗು, ಇವಳನ್ನು ಸುತ್ತಾಡಿಸಿಕೊಂಡು ಬರ್ತೀನಿ ಅಂತ ಮಗುವನ್ನೆತ್ತಿಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋದೆ. ಬೆಂಚಿನ ತುಂಬ ತಾಯಂದಿರು. ಗಂಡಸು ಅಂತ ಇದ್ದವನು ನಾನೊಬ್ಬನೇ. ಎಲ್ಲರೂ ಒಂದೇ ಮಾತು ಕೇಳಿದರು, ಅಮ್ಮ ಎಲ್ಲಿ?

ಡಾಕ್ಟರಮ್ಮ ಬಾಯಿ ನೋಡಿದರು, ಮೂಗು ನೋಡಿದರು, ಅಂಗಿ ಬಿಚ್ಚಿಸಿ ಬೆನ್ನು, ತೊಡೆ ನೋಡಿದರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, "ಯಾರಾವದು ಅಡಿಚ್ಚಾಂಗಳಾ?" ಅಂದರು. ಯಾರಾದರೂ ಹೊಡೆದರಾ ಅಂತ. ಫ್ಯಾಕ್ಟರಿಯಲ್ಲಿ ಅಷ್ಟು ತಮಿಳು ಕಲಿತಿದ್ದೆ. ಯಾಕಾದರೂ ಕಲಿತೆನೋ ಅನ್ನಿಸಿತು. ಕೇಳುವುದು ಅವರ ಕೆಲಸ ಅಂತ ಈಗ ಗೊತ್ತಾಗುತ್ತದೆ. ಅವತ್ತು ಮಾತ್ರ ಮೈಯೆಲ್ಲ ಉರಿದುಹೋಯಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟೆ.

ಅವರು ತಮಗೆ ಬರುವ ಕನ್ನಡದಲ್ಲಿ ಹೇಳಿದರು, "ಕೋಪ ಬೇಡ, ಕೂತ್ಕೊಳ್ಳಿ. ಹೋದ ವಾರ ಬುಧವಾರ ಮಗು ಅಮ್ಮ ಬಂದಿದ್ರು. ಇದೇ ಬ್ಲಡ್ಡು, ಇದೇ ದಿಂಬು. ಅವರಿಗೂ ಕೇಳಿದೆ. ಅವರು ಅತ್ತುಬಿಟ್ರು. ಟೆಸ್ಟ್ ಮಾಡಿಸಿ ಅಂದೆ, ಮಾಡಿಸಲಿಲ್ವಾ?"

ನಾನು ಕೂತೆ. ಹೋದ ವಾರ ನನಗೆ ರಾತ್ರಿ ಶಿಫ್ಟು. ಮಗು ಅವಳ ಪಕ್ಕ ಮಲಗಿತ್ತು. ಏನಾದರೂ ಐತಾ ಅಂತ ದಿನಾ ಬೆಳಗ್ಗೆ ನಾನು ಕೇಳಿದ್ದೆ. ಏನಿಲ್ಲ ಅಂದಿದ್ದಳು. ಡಾಕ್ಟರಮ್ಮ ಕೊನೆಗೆ ಅಂದರು, "ನಾಳೆ ಇಬ್ಬರೂ ಬನ್ನಿ. ಒಬ್ಬರೇ ಬಂದ್ರೆ ನಾನು ನೋಡೋದಿಲ್ಲ."

ಮನೆಗೆ ಬಂದಾಗ ಅವಳಿನ್ನೂ ನಿದ್ದೆಯಲ್ಲಿದ್ದಳು. ಎಬ್ಬಿಸಲು ಮನಸ್ಸಾಗದೆ ಹೊಸಿಲಲ್ಲಿ ಕೂತೆ. ಎಚ್ಚರವಾದವಳು ನನ್ನ ಮುಖ ನೋಡಿಯೇ ಎದ್ದು ಕೂತಳು.

"ಡಾಕ್ಟ್ರತ್ರ ಹೋಗಿದ್ದೆ. ನೀನೂ ಹೋಗಿದ್ದೆಯಂತೆ. ಯಾಕೆ ಹೇಳ್ಲಿಲ್ಲ?"

"ನನ್ ಶಿಫ್ಟಲ್ಲಿ ಬಂದಿದ್ದು. ಏನಂತ ಹೇಳ್ಲಿ? ಡಾಕ್ಟ್ರೇ ಹಂಗಂದ್ರು, ಇನ್ನ ನೀವೇನಂತೀರೋ ಅಂತ." ತನ್ನ ಅಂಗೈ ನೋಡಿಕೊಳ್ಳುತ್ತಾ, "ನಿದ್ದೇಲಿ ನನ್ ಕೈಯೇ ಬಡೀತೇನೋ ಅನ್ಕಂಡೆ ಕಣ್ರೀ," ಅಂದಳು. ಆಮೇಲೆ ತಟ್ಟನೆ ತಲೆಯೆತ್ತಿದಳು. "ನಿಮ್ ಶಿಫ್ಟಲ್ಲೂ ಬಂದೈತಾ?"

"ಬಂದೈತೆ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ಅಳು ಬಂತು. ಆದರೆ ಒಳಗೆ ಒಂದು ನೆಮ್ಮದಿಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ದಿನ ನಾನೊಬ್ಬನೇ ಹೆದರಿಕೊಂಡಿದ್ದೆ ಅಂತ ತಿಳಿದಿದ್ದೆ. ಅವಳೂ ಅದೇ ಕೋಣೆಯಲ್ಲಿ, ಅದೇ ಬಕೆಟ್ಟಿನಲ್ಲಿ, ಅದೇ ಬಟ್ಟೆಯನ್ನು ಒಬ್ಬಳೇ ಉಜ್ಜಿದ್ದಳು.

ರಜೆ ಕೇಳಲು ಫೋನು ಮಾಡಿದೆವು. ಮಗುವಿಗೆ ಹುಷಾರಿಲ್ಲ ಅಂದರೆ ನನ್ನ ಸೂಪರ್‌ವೈಸರು, "ಹೆಂಡ್ತಿ ಇಲ್ವೇನ್ರೀ?" ಅಂದ. ಅವಳ ಸೂಪರ್‌ವೈಸರು, "ಗಂಡ ಇಲ್ವೇನಮ್ಮ?" ಅಂದಳಂತೆ. ಇಬ್ಬರೂ ಬರಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ ಅಂದ ಮೇಲೆ ಗೊಣಗಿಕೊಂಡು ಒಪ್ಪಿದರು. ಅವತ್ತು ರಾತ್ರಿ ಮೂವರೂ ಒಂದೇ ಚಾಪೆಯ ಮೇಲೆ. ಯಾರು ಯಾವ ಕಡೆ ಮಲಗಬೇಕು ಅನ್ನುವುದೇ ನಮಗೆ ಮರೆತುಹೋಗಿತ್ತು. ಬೆಳಗ್ಗೆ ದಿಂಬು ಸ್ವಚ್ಛವಾಗಿತ್ತು.

ಲ್ಯಾಬಿನಲ್ಲಿ ಪುಟ್ಟ ಕೈಯಿಂದ ರಕ್ತ ತೆಗೆದುಕೊಂಡು, ರಿಪೋರ್ಟ್ ಸಂಜೆಗೆ ಅಂದರು. ಸಂಜೆಯವರೆಗೆ ಎಲ್ಲಿಗೆ ಹೋಗುವುದು? ಹೊಸೂರಿನ ಬೀದಿಗಳಲ್ಲಿ ಅಲೆದೆವು. ಇಡ್ಲಿ ತಿಂದೆವು. ಕೆರೆ ಪಕ್ಕದ ಕಲ್ಲುಬೆಂಚಿನಲ್ಲಿ ಕೂತೆವು. ಮಗು ನಮ್ಮಿಬ್ಬರ ನಡುವೆ ನಿಂತು ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತಿತ್ತು. ಟೀ ತರೋಣ ಅಂತ ನಾನು ಎದ್ದೆ ಅಷ್ಟೇ, ಕಿಟಾರನೆ ಕಿರುಚಿಕೊಂಡಿತು. ಸೂಜಿ ಚುಚ್ಚಿದಾಗಲೂ ಅಷ್ಟು ಅತ್ತಿರಲಿಲ್ಲ. ಅಪ್ಪ ಅಮ್ಮ ಎದುರೆದುರು ಬಂದರೆ ಒಬ್ಬರು ಹೊರಡುತ್ತಾರೆ ಅನ್ನುವುದಷ್ಟೇ ಅದಕ್ಕೆ ಗೊತ್ತಿದ್ದದ್ದು. ನಾನು ವಾಪಸ್ಸು ಕೂತೆ. ಟೀ ಕುಡಿಯಲಿಲ್ಲ.

ಮಗು ನನ್ನ ಒಂದು ಬೆರಳು, ಅವಳ ಒಂದು ಬೆರಳು ಹಿಡಿದುಕೊಂಡು ಜೋಲಾಡಿ ಕೇಕೆ ಹಾಕಿ ನಗತೊಡಗಿತು. ಅದು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಬೇಕಾದಷ್ಟು ಮಾತಾಡಬಹುದಿತ್ತು. ಆದರೆ ನಮಗೆ ರೂಢಿಯಿದ್ದದ್ದು ಹಾಲು, ಮೂಗು, ಚಡ್ಡಿ, ಅಷ್ಟೇ. ರಿಪೋರ್ಟಿನಲ್ಲಿ ಏನು ಬರುತ್ತದೋ ಅನ್ನುವ ಹೆದರಿಕೆಯಲ್ಲಿ ಇಬ್ಬರೂ ನೀರು ನೋಡುತ್ತಾ ಕೂತೆವು.

ಸಂಜೆ ಡಾಕ್ಟರಮ್ಮ ಕಾಗದ ನೋಡಿ ತಲೆಯಾಡಿಸಿದರು. ರಕ್ತ ಎಲ್ಲ ಸರಿಯಾಗಿದೆ, ಕಾಯಿಲೆ ಏನೂ ಕಾಣುವುದಿಲ್ಲ. ಒಸಡು ಗೀರಿರಬಹುದು, ಒಣ ಗಾಳಿಗೆ ಮೂಗಿನಿಂದ ಇಳಿದು ಬಾಯಿಗೆ ಬಂದಿರಬಹುದು, ಇಂಥದ್ದೇ ಅಂತ ಹೇಳಲಾಗುವುದಿಲ್ಲ. ಹೆಚ್ಚಾದರೆ, ಮೈಮೇಲೆ ಕಲೆ ಎದ್ದರೆ ಕೂಡಲೇ ಬನ್ನಿ ಅಂದರು. ಮುಂದೆ ಒಂದೆರಡು ಸಲ ಕಂಡಿತು, ನಿಂತುಹೋಯಿತು. ಯಾಕೆ ಬಂತು, ಯಾಕೆ ನಿಂತಿತು ಅನ್ನುವುದು ಇವತ್ತಿಗೂ ನಮಗೆ ಗೊತ್ತಿಲ್ಲ.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನನಗೆ ಗಟ್ಟಿಯಾಗಿ ಅತ್ತುಬಿಡಬೇಕು ಅನ್ನಿಸುವಷ್ಟು ಸಂತೋಷವಾಗಿತ್ತು. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು, ಒಂದು ಕೈ ಮಾತ್ರ ನನ್ನ ಅಂಗಿಯ ಕಾಲರನ್ನು ಬಿಟ್ಟಿರಲಿಲ್ಲ. ಅದಕ್ಕೇ ನಾವಿಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡೇ ಇಳಿಯಬೇಕಾಯಿತು. ಕೊನೆಯ ಮೆಟ್ಟಿಲಲ್ಲಿ ಅವಳು ನಿಂತಳು.

"ಏನೂ ಇಲ್ವಂತಲ್ಲ ರೀ, ದೇವ್ರು ದೊಡ್ಡೋನು," ಅಂದಳು. ಆಮೇಲೆ ಮೆಲ್ಲಗೆ, ಮಗು ಎದ್ದುಬಿಟ್ಟೀತು ಅನ್ನುವ ಹಾಗೆ ಕೇಳಿದಳು, "ಇನ್ಮೇಲೆ ಇಬ್ರೂ ಒಟ್ಗೆ ರಜಾ ಬೇಕು ಅಂದ್ರೆ ಏನಂತ ಕೇಳಾದು?"