ಎಡವೋ, ಬಲವೋ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕಿವಿಯಮ್ಮ ಅಂತಲೇ ಕರೆಯುತ್ತಿದ್ದರು. ಡಾಕ್ಟರುಗಳು ರೋಗಿಯನ್ನು ನೋಡಿ ಗಡಿಬಿಡಿಯಲ್ಲಿ ಗೊಣಗಿ ಕಳಿಸಿದ ರೆಕಾರ್ಡಿಂಗ್ ಕೇಳಿ ರಿಪೋರ್ಟ್ ಟೈಪ್ ಮಾಡುವುದು ಅವಳ ಕೆಲಸ. ಮಾತು ನುಂಗುವವರು, ಆಕಳಿಸುವವರು, ಲಿಫ್ಟಿನಲ್ಲಿ ನಿಂತು ಹೇಳುವವರು, ಯಾರೇ ಇರಲಿ, ಇವಳ ಕಿವಿಯಿಂದ ಒಂದು ಮಾತೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅಂಥ ಕಿವಿಗೇ ಮಂಕು ಕವಿಯಿತು ನೋಡಿ!

ಕೆಲವು ದಿನಗಳಿಂದ ಎಲ್ಲ ದನಿಯೂ ಗೋಡೆಯಾಚೆಯಿಂದ ಬಂದ ಹಾಗೆ. ವಾಲ್ಯೂಮ್ ಏರಿಸಿದಳು, ಹೆಡ್‌ಫೋನ್ ಬದಲಿಸಿದಳು, ಕಂಪ್ಯೂಟರಿಗೆ ಬೈದಳು. ಮನೆಯಲ್ಲಿ ಗಂಡ, "ಏನೇ, ಗಂಟಲು ಹರ್ಕೊಂಡ್ರೂ ತಿರುಗಿ ನೋಡಲ್ವಲ್ಲ" ಅಂದಾಗಲೇ ಅವಳಿಗೆ ತನ್ನ ಕಿವಿಯ ಮೇಲೆ ಅನುಮಾನ ಬಂದದ್ದು. ಕಿವಿ ಹೋದರೆ ಕೆಲಸವೂ ಹೋಯಿತು. ಈ ವಯಸ್ಸಿನಲ್ಲಿ ಇನ್ನೇನು ಕಲಿಯುವುದು? ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಅದರ ಮೇಲೆ ಮೇಷ್ಟ್ರಿಗೆ ಕೆಲಸ ಕಲಿಸುವ ಹೊಣೆ ಬೇರೆ. ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾರದೆ ಹೊಸದಾಗಿ ಸೇರಿಕೊಂಡವರು ಅವರು.

"ಮೇಷ್ಟ್ರೇ, ಮೊದಲು ಪೂರ್ತಿ ಕೇಳಿ, ಆಮೇಲೆ ಟೈಪ್ ಮಾಡಿ. ಔಷಧಿ ಹೆಸರು ಗೊತ್ತಿದ್ರೂ ಒಂದ್ಸಲ ಡಿಕ್ಷನರಿ ನೋಡಿ. ಕೇಳಿಸ್ಲಿಲ್ವಾ, ಜಾಗ ಖಾಲಿ ಬಿಟ್ಟು ಡಾಕ್ಟರನ್ನೇ ಕೇಳಿ. ಊಹೆ ಮಾತ್ರ ಬೇಡ."

"ಪರೀಕ್ಷೇಲಿ ಖಾಲಿ ಬಿಟ್ಟೋರಿಗೆ ನಾನು ಸೊನ್ನೆ ಕೊಡ್ತಿದ್ದೆ ಕಣಮ್ಮಾ."

"ಇಲ್ಲಿ ಊಹೆ ಮಾಡಿದೋರಿಗೆ ಸೊನ್ನೆ."

ಹೀಗೆಂದವಳೇ ಅಂದು ಮಧ್ಯಾಹ್ನ ಸಿಕ್ಕಿಹಾಕಿಕೊಂಡಳು. ಆಪರೇಷನ್ ಆಗಬೇಕಿದ್ದ ಕಣ್ಣಿನ ರಿಪೋರ್ಟ್. ಎಡಗಣ್ಣೋ, ಬಲಗಣ್ಣೋ? ಕೇಳಿದಳು, ಮತ್ತೆ ಮತ್ತೆ ಕೇಳಿದಳು, ಬರೀ ಗುಂಯ್ ಅನ್ನುವ ಸದ್ದು. ಖಾಲಿ ಬಿಟ್ಟರೆ ಕಿವಿಯಮ್ಮನಿಗೂ ಕೇಳಿಸಲಿಲ್ಲವಂತೆ ಅಂತ ಸುದ್ದಿಯಾಗುತ್ತದೆ. ಬೆರಳು 'ಎಡ' ಅಂತ ಹೊಡೆದೇಬಿಟ್ಟಿತು. ಅಯ್ಯೋ, ಯಾರದೋ ಕಣ್ಣಿಗಿಂತ ನನ್ನ ಮಾನ ದೊಡ್ಡದಾಯಿತಾ ಅಂತ ತನಗೆ ತಾನೇ ಬೈದುಕೊಂಡು ಅಳಿಸಿದಳು. ರಿಪೋರ್ಟನ್ನು ಕಳಿಸದೆ ಇಟ್ಟುಕೊಂಡು, ಅರ್ಧ ದಿನ ರಜೆ ಹಾಕಿ, ನೇರ ಕಿವಿ ಡಾಕ್ಟರ ಹತ್ತಿರ ಹೋದಳು.

ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ಇಣುಕಿದರು.

"ಇದೇನ್ರೀ, ಕಿವೀಲಿ ಗೋಡೆ ಕಟ್ಟಿಸಿದ್ದೀರಾ? ಬರೀ ಗುಗ್ಗೆ!"

ತೊಳೆದರು, ಪರೀಕ್ಷೆ ಮಾಡಿದರು, ಕಿವಿಗೆ ಏನೇನೂ ಆಗಿಲ್ಲ ಅಂದರು. ಮೆಟ್ಟಿಲಿಳಿಯುವಾಗ ತನ್ನ ಚಪ್ಪಲಿಯ ಪಟಪಟ ಕೇಳಿ ಅವಳಿಗೆ ಕಣ್ಣು ತುಂಬಿ ಬಂತು. ಅಲ್ಲೇ ನಿಂತು ಗಂಡನಿಗೆ ಫೋನ್ ಮಾಡಿದಳು. "ರೀ, ಇನ್ಮೇಲೆ ಮೆಲ್ಲಗೆ ಬೈರಿ. ಎಲ್ಲಾ ಕೇಳ್ಸುತ್ತೆ."

ಮರುದಿನ ಬಂದವಳೇ ಮೊದಲು ಆ ರೆಕಾರ್ಡಿಂಗನ್ನೇ ಹಾಕಿದಳು. ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ 'ರೋಗಿಯ' ಅಂದ ಡಾಕ್ಟರು, ಅಷ್ಟರಲ್ಲಿ ಜೋರಾಗಿ ಸೀನಿ, 'ಕಣ್ಣಿಗೆ' ಅಂತ ಮುಂದುವರಿಸಿದ್ದರು. ಎಡವೂ ಇಲ್ಲ, ಬಲವೂ ಇಲ್ಲ, ಅಲ್ಲಿದ್ದದ್ದು ಒಂದು ಸೀನು!

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಷ್ಟ್ರು ಗಾಬರಿಯಾಗಿ, "ಏನಾಯ್ತಮ್ಮಾ?" ಅಂದರು.

"ನಂಗೆ ಕೇಳಿಸ್ಲಿಲ್ಲ ಮೇಷ್ಟ್ರೇ!" ಇಡೀ ಆಫೀಸಿಗೆ ಕೇಳುವ ಹಾಗೆ ಹೇಳಿ, ಜಾಗ ಖಾಲಿ ಬಿಟ್ಟು, ಆ ಡಾಕ್ಟರಿಗೇ ಫೋನ್ ಮಾಡಿದಳು.

ಬಲಗಣ್ಣಂತೆ.