ಮೀಥೈಲ್ ಲಿಥಿಯಂನ ನಾಲ್ಕು ಅಂಕ

ಬನವಾಸಿ ಕಡೆಯ ದಾಕ್ಷಾಯಿಣಿ ಹನ್ನೊಂದು ವರ್ಷ ಸಿರಸಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದಳು. ಕೆಲಸ ವರ್ಷವರ್ಷದ್ದು. ಮುಂದಿನ ವರ್ಷಕ್ಕೆ ಯಾರು ಬೇಕೆಂಬ ಪಟ್ಟಿ ಕಳಿಸುವವರು ವಿಭಾಗದ ಮುಖ್ಯಸ್ಥ ವೆಂಕಟ್ರಮಣ ಹೆಗಡೆ.

ಅಂತಿಮ ಬಿ.ಎಸ್ಸಿ. ಪರೀಕ್ಷೆಯ ಪ್ರಶ್ನೆ, ಉತ್ತರಸೂಚಿ ಎರಡೂ ಹೆಗಡೆಯವರದೇ. ಸೈಕ್ಲೋಹೆಕ್ಸೆನೋನ್ ಎಂಬ ಕೀಟೋನಿಗೆ ಮೀಥೈಲ್ ಲಿಥಿಯಂ ಸೇರಿಸಿದರೆ ಸಿಗುವ ವಸ್ತುವನ್ನು ಹೆಸರಿಸಿ ಎಂಬ ಪ್ರಶ್ನೆಗೆ ನಾಲ್ಕು ಅಂಕ. ಮೀಥೈಲ್ ಗುಂಪು ನೇರವಾಗಿ ಆಕ್ಸಿಜನ್ ಹೊತ್ತ ಕಾರ್ಬನ್ನಿಗೇ ಹೋಗಿ ಕೂರುತ್ತದೆ, ಜೋಡಿಬಂಧ ಹಾಗೇ ಉಳಿಯುತ್ತದೆ, ಕೀಟೋನು ಆಲ್ಕೊಹಾಲ್ ಆಗುವುದರಿಂದ ಹೆಸರು ‘ಆಲ್’ ಎಂದು ಮುಗಿಯಬೇಕು ಎಂದು ದಾಕ್ಷಾಯಿಣಿ ಕಲಿಸಿದ್ದಳು. ಅವಳಿಗೆ ತಿದ್ದಲು ಬಂದ ಉತ್ತರಪತ್ರಿಕೆಗಳಲ್ಲಿ ಹಾಗೆ ಬರೆದವಳು ಸಿದ್ದಾಪುರದ ಅನುಶ್ರೀ ಒಬ್ಬಳೇ. ಅಕ್ಷರ ನೋಡಿಯೇ ಗುರುತು ಸಿಕ್ಕಿತು. ಉಳಿದವರು ಗೈಡಿನಲ್ಲಿದ್ದಂತೆ 3-ಮೀಥೈಲ್‌ಸೈಕ್ಲೋಹೆಕ್ಸನೋನ್ ಎಂದಿದ್ದರು. ಉತ್ತರಸೂಚಿಯಲ್ಲಿದ್ದದ್ದೂ ಅದೇ.

“ಇದು ತಾಮ್ರದ ಲವಣನೂ ಹಾಕಿದ್ರ ಬರೋ ಉತ್ತರ ಸರ್. ಬರೇ ಲಿಥಿಯಂಗ ಹಿಂಗ ಬರಂಗಿಲ್ರಿ,” ಎಂದು ದಾಕ್ಷಾಯಿಣಿ ಹೆಗಡೆಯವರ ಮುಂದೆ ಪುಸ್ತಕ ತೆರೆದಿಟ್ಟಳು.

ಹೆಗಡೆಯವರು ಎರಡು ಸಲ ಓದಿದರು. “ನೀವು ಹೇಳುದು ಹೌದು. ಆದ್ರೆ ಕೀ ಮೇಲೆ ನನ್ನ ಸಹಿ ಬಿದ್ದು ಹೋಯ್ತು. ಈಗ ಎಂತ ಮಾಡುದು?” ಪುಸ್ತಕ ಮುಚ್ಚಿ ಅವಳತ್ತ ಸರಿಸಿ, “ಮುಂದಿನ ವರ್ಷದ ಲಿಸ್ಟೂ ಇದೇ ವಾರ ಕಳಿಸ್ಬೇಕು ಮೇಡಂ,” ಎಂದರು.

ದಾಕ್ಷಾಯಿಣಿ ಅನುಶ್ರೀಯ ಉತ್ತರಕ್ಕೆ ಸೊನ್ನೆ ಹಾಕಿದಳು.

ಎರಡು ಅಂಕದಲ್ಲಿ ಅನುಶ್ರೀಗೆ ಎಂ.ಎಸ್ಸಿ. ಸೀಟು ತಪ್ಪಿತು. ಉತ್ತರಪತ್ರಿಕೆಯ ನಕಲು ಹಿಡಿದು ಬಂದಳು. “ನಾ ಎಲ್ಲಿ ತಪ್ಪಿದೆ ಮೇಡಂ?”

“ನಿಂದೇನೂ ತಪ್ಪಿಲ್ಲವಾ. ಸೊನ್ನಿ ಹಾಕಿದಾಕಿ ನಾನ.” ಆಮೇಲೆ ಎಲ್ಲವನ್ನೂ ಹೇಳಿದಳು.

ಅನುಶ್ರೀ ಅಳಲಿಲ್ಲ. “ಗೈಡ್ ನೋಡಿ ಬರ್ದವ್ರಿಗೆಲ್ಲ ಮಾರ್ಕ್ಸ್ ಬಂತು. ನಿಮ್ಮನ್ನ ನಂಬಿ ಬರ್ದವಳು ನಾನೊಬ್ಳೇ,” ಎಂದು ಎದ್ದು ಹೋದಳು.

ಮರುದಿನವೇ ದಾಕ್ಷಾಯಿಣಿ ಪುಸ್ತಕದ ಪುಟಗಳನ್ನು ಲಗತ್ತಿಸಿ ಪರೀಕ್ಷಾ ವಿಭಾಗಕ್ಕೆ ಪತ್ರ ಬರೆದಳು. ಆಕ್ಷೇಪಣೆಯ ಅವಧಿ ಮುಗಿದಿದೆ ಎಂಬ ಉತ್ತರ ಬರಲು ನಾಲ್ಕು ತಿಂಗಳು ಹಿಡಿಯಿತು. ಪತ್ರದ ಪ್ರತಿ ಹೆಗಡೆಯವರ ಮೇಜಿಗೂ ಹೋಗಿತ್ತು. ಆ ವರ್ಷದ ಕೆಲಸವಷ್ಟೇ ಉಳಿಯಿತು; ಅದರ ಮರುವರ್ಷದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಈಗ ಯಲ್ಲಾಪುರದ ಟ್ಯೂಷನ್ ಒಂದರಲ್ಲಿ ಹತ್ತನೆಯ ತರಗತಿಗೆ ಪಾಠ ಹೇಳುತ್ತಾಳೆ. ಒಮ್ಮೆ ಸಿದ್ದಾಪುರದಲ್ಲಿ ತಲೆನೋವಿನ ಮಾತ್ರೆಗೆಂದು ಔಷಧಿ ಅಂಗಡಿಗೆ ಹೋದರೆ ಕೌಂಟರಿನಲ್ಲಿ ಅನುಶ್ರೀ. ದಾಕ್ಷಾಯಿಣಿ ಮಾತ್ರೆ ಕೇಳಿ, “ಆರಾಮಿದ್ದೀಯೇನವಾ?” ಎಂದಳು. ಹುಡುಗಿ ಮಾತ್ರೆಯ ಹಾಳೆ ಕತ್ತರಿಸಿ ಮುಂದಿಟ್ಟು, ಹಿಂದೆ ನಿಂತವರತ್ತ ನೋಡಿ, “ನಿಮ್ಗೆ ಎಂತ ಬೇಕಾಗಿತ್ತು?” ಎಂದು ಕೇಳಿದಳು.